ದುಃಖ ಕಡಿಮೆಯಾದರೆ ಹಾಡೂ ನಿಲ್ಲುತ್ತದೆಯೇ?

ಪ್ರಶ್ನೆ: ಮೇಡಂ, ನಾನು ಜಯನಗರದಲ್ಲಿದ್ದೇನೆ. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಗಿಟಾರ್. ಕನ್ನಡದಲ್ಲಿ ನಾನೇ ಹಾಡು ಬರೆದು ಮಟ್ಟು ಹಾಕುತ್ತೇನೆ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಮೇಲೆ ಡಿಪ್ರೆಶನ್ ಬಂತು. ಆಗ ಬರೆದ ನಾಲ್ಕು ಹಾಡುಗಳನ್ನೇ ಜನ ಇವತ್ತಿಗೂ ಕೇಳಿ ಹಾಡಿಸುತ್ತಾರೆ. ಈಗ ಮಾತ್ರೆ, ಕೌನ್ಸೆಲಿಂಗ್‌ನಿಂದ ಆರಾಮಾಗಿದ್ದೇನೆ. ಆದರೆ ಹಾಡು ಬರುತ್ತಿಲ್ಲ. ಬಂದರೂ ಸಪ್ಪೆ. ಮಾತ್ರೆ ಬಿಟ್ಟು ನೋಡಲಾ ಅಂತ ಎಷ್ಟೋ ಸಲ ಅನ್ನಿಸಿದೆ. ಮನಸ್ಸು ಹೇಗಿದೆಯೋ ಹಾಡೂ ಹಾಗೇ ಅಲ್ವಾ? ದುಃಖ ಹೋದರೆ ಅದರ ಜೊತೆ ಸಂಗೀತವೂ ಹೋಗುತ್ತಾ? ಹಳೆಯ ನಾಲ್ಕು ಹಾಡು, ಹೊಸ ಎರಡು ಹಾಡು ಕಳಿಸಿದ್ದೇನೆ. ದಯವಿಟ್ಟು ಕೇಳಿ ಹೇಳಿ.

ಉತ್ತರ: ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯಿತು. ಆರೂ ಹಾಡು ಕೇಳಿದೆ. ಅವುಗಳ ಬಗ್ಗೆ ಮಾತಾಡುವುದು ಬಹಳ ಇದೆ. ಅದಕ್ಕೂ ಮುಂಚೆ ಮಾತ್ರೆಯ ಮಾತು ಮುಗಿಸಿಬಿಡೋಣ.

ನೀವಾಗಿಯೇ ಮಾತ್ರೆ ಬಿಡಬೇಡಿ. ಇಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ ಶುರುವಾಗಬಹುದು. ಕಾಯಿಲೆಯೇ ವಾಪಸ್ ಬರಬಹುದು. ನಾನು ಸಂಗೀತದವಳು, ಡಾಕ್ಟರ್ ಅಲ್ಲ. ಆದರೂ ಒಂದು ವಿಷಯ ನಿಮಗೆ ಗೊತ್ತಿರಲಿ. ಕೆಲವರಿಗೆ ಈ ಮಾತ್ರೆಗಳಿಂದ ದುಃಖದ ಜೊತೆ ಖುಷಿಯೂ ಮಂಕಾಗುತ್ತದೆ. ಯಾವುದೂ ಜೋರಾಗಿ ತಟ್ಟುವುದಿಲ್ಲ. ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಡೋಸ್ ಬದಲಿಸಬಹುದು, ಬೇರೆ ಮಾತ್ರೆಯನ್ನೂ ಕೊಡಬಹುದು. ಆದರೆ ನೀವು ಹೇಳಿದರೆ ತಾನೇ ಅವರಿಗೆ ತಿಳಿಯುವುದು? ‘ಹಾಡು ಬರುತ್ತಿಲ್ಲ’ ಅನ್ನುವುದನ್ನು ಡಾಕ್ಟರ ಮುಂದೆ ಹೇಳಲು ಸಂಕೋಚ ಪಡಬೇಡಿ. ಅದೂ ಅವರಿಗೆ ಬೇಕಾದ ಮಾಹಿತಿಯೇ. ನಡುರಾತ್ರಿ ಮನಸ್ಸು ತೀರಾ ಹದಗೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಯಾವ ಹೊತ್ತಿಗೆ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.

ಚಿಕಿತ್ಸೆ ತಗೊಂಡರೆ ಕಲೆ ಸಾಯುತ್ತದೆ ಅನ್ನುವ ಭಯ ನಿಮಗೊಬ್ಬರಿಗೇ ಇರುವುದಲ್ಲ. ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಶೋ ಇದನ್ನೇ ಕಲಾವಿದರ ಹತ್ತಿರ ಕೇಳಿ 1979ರಲ್ಲಿ ಪ್ರಕಟಿಸಿದರು. ಅವರು ಕೇಳಿದ್ದು ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು. ಆ ಕಲಾವಿದರದು ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ. ನಿಮ್ಮದಕ್ಕಿಂತ ಬೇರೆ. 12 ಜನ ಕೆಲಸ ಜಾಸ್ತಿಯಾಯಿತು ಅಂದರು. 6 ಜನ ಏನೂ ಬದಲಾಗಲಿಲ್ಲ ಅಂದರು. ಉಳಿದ 6 ಜನಕ್ಕೆ ಕಡಿಮೆಯಾಗಿತ್ತು. ಆ ಕೊನೆಯ ಆರು ಜನರನ್ನು ನಾನು ಮುಚ್ಚಿಡುವುದಿಲ್ಲ. ಕೆಲವರಿಗೆ ನಿಜಕ್ಕೂ ಕಷ್ಟವಾಗುತ್ತದೆ. ಆದರೆ ಅರ್ಧದಷ್ಟು ಜನಕ್ಕೆ ಗುಣವಾಗಿದ್ದರಿಂದಲೇ ಕೆಲಸ ಹೆಚ್ಚಿತು ಅನ್ನುವುದನ್ನೂ ನೋಡಿ.

ರಷ್ಯಾದ ಸಂಗೀತಗಾರ ರಾಖ್ಮಾನಿನೋವ್ ಅವರ ಕಥೆ ಇನ್ನೂ ಹತ್ತಿರದ್ದು. ಅವರ ಮೊದಲ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ, 1897ರಲ್ಲಿ ನುಡಿಸಿದ ದಿನವೇ ಮಕಾಡೆ ಮಲಗಿತು. ಆಮೇಲೆ ಸುಮಾರು ಮೂರು ವರ್ಷ ಅವರು ಹೇಳಿಕೊಳ್ಳುವಂಥದ್ದು ಏನೂ ಬರೆಯಲಿಲ್ಲ. ದುಃಖಕ್ಕೇನೂ ಕೊರತೆ ಇರಲಿಲ್ಲ. ದುಃಖವೇ ಹಾಡು ಬರೆಸುವುದಾಗಿದ್ದರೆ ಅವು ಅವರ ಸುಗ್ಗಿಯ ವರ್ಷಗಳಾಗಬೇಕಿತ್ತು. 1900ರಲ್ಲಿ ನಿಕೊಲಾಯ್ ದಾಲ್ ಎಂಬ ವೈದ್ಯರ ಹತ್ತಿರ ಕೆಲವು ತಿಂಗಳು ಚಿಕಿತ್ಸೆಗೆ ಹೋದರು. ಅದಾದ ಮೇಲೆ ಬಂದದ್ದೇ ಎರಡನೆಯ ಪಿಯಾನೋ ಕಂಚರ್ಟೋ, ಪಿಯಾನೋ ಜೊತೆ ವಾದ್ಯವೃಂದ ನುಡಿಸುವ ಕೃತಿ. ಅದನ್ನು ಆ ವೈದ್ಯರಿಗೇ ಅರ್ಪಿಸಿದರು. ಅದನ್ನೊಮ್ಮೆ ಕೇಳಿ. ಅದರಲ್ಲಿ ಬೇಕಾದಷ್ಟು ನೋವಿದೆ. ಗುಣವಾದ ಮೇಲೆ ಬರೆದ ನೋವು ಅದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮನಸ್ಸು ಹೇಗಿದೆಯೋ ಹಾಡೂ ಹಾಗೇನಾ?

ಭಾಗಶಃ ಹೌದು. ಎಲ್ಲಿ ಹೌದು, ಎಲ್ಲಿ ಅಲ್ಲ ಅನ್ನುವುದು ಸ್ಪಷ್ಟವಾದರೆ ನಿಮ್ಮ ತೊಂದರೆ ಅರ್ಧ ಬಗೆಹರಿಯುತ್ತದೆ ಅಂತ ನನ್ನ ನಂಬಿಕೆ.

ನಿಮ್ಮ ಹಳೆಯ ನಾಲ್ಕು ಹಾಡುಗಳನ್ನು ತಗೊಳ್ಳಿ. ನಾಲ್ಕೂ ನಿಮಿಷಕ್ಕೆ 60 ಬಡಿತದ ಆಸುಪಾಸಿನಲ್ಲಿವೆ. ನಾಲ್ಕೂ ಕೆಳಗಿನ ಪಂಚಮದಿಂದ (ಪ) ಶುರುವಾಗಿ ಮಧ್ಯದ ಗಾಂಧಾರದವರೆಗೆ (ಗ) ಬಂದು ನಿಲ್ಲುತ್ತವೆ. ಮೇಲಿನ ಷಡ್ಜವನ್ನು (ಸ) ಮುಟ್ಟಿದ್ದು ಮೂರನೆಯ ಹಾಡಿನ ಎರಡನೆಯ ಚರಣದಲ್ಲಿ, ಅದೂ ಒಂದೇ ಒಂದು ಸಲ. ಸಾಲುಗಳ ಕೊನೆ ಹೆಚ್ಚಾಗಿ ಇಳಿಮುಖ. ಸಾಲು ಮುಗಿದ ಮೇಲೆ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಪೂರ್ತಿ ಖಾಲಿ ಬಿಟ್ಟಿದ್ದೀರಿ. ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದಿರಾ? ಇಲ್ಲ ಅಂತ ನಿಮ್ಮ ಕಾಗದ ನೋಡಿದರೇ ಗೊತ್ತಾಗುತ್ತದೆ. ನಿಮ್ಮ ಮೈ ಮಾಡಿತು.

ದುಃಖದಲ್ಲಿರುವವರು ಮಾತಾಡುವುದನ್ನು ಗಮನಿಸಿ. ಮಾತು ನಿಧಾನ. ದನಿ ಸಣ್ಣದು. ಏರಿಳಿತ ಕಡಿಮೆ. ವಾಕ್ಯದ ಕೊನೆ ಕೆಳಗೆ ಜಾರುತ್ತದೆ. ನಡುವೆ ಮೌನ ಜಾಸ್ತಿ. ಖುಷಿಯಾದವರ ಮಾತು ಚುರುಕು, ಏರಿಳಿತ ದೊಡ್ಡದು. ಸಿಟ್ಟಿನ ಮಾತು ಚುರುಕಿನ ಜೊತೆ ಗಡುಸು. ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕ ಎಂಬ ಸಂಶೋಧಕರು 2003ರಲ್ಲಿ ಮಾತಿನ ದನಿಯ ಬಗ್ಗೆ ನಡೆದ 104 ಅಧ್ಯಯನಗಳನ್ನೂ ಸಂಗೀತ ನುಡಿಸುವುದರ ಬಗ್ಗೆ ನಡೆದ 41 ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಮಾತಿನಲ್ಲಿ ಭಾವನೆ ಗೊತ್ತಾಗುವ ಗುರುತುಗಳೇ ಸಂಗೀತದಲ್ಲೂ ಬಹಳ ಮಟ್ಟಿಗೆ ಸಿಕ್ಕವು. ಅವರು ನೋಡಿದ್ದು ನುಡಿಸುವವರನ್ನು. ಆದರೆ ಮಟ್ಟು ಹಾಕುವವರೂ ಮೊದಲು ಗುನುಗಿಯೇ ಹಾಕುವುದು ಅಲ್ವಾ? ಆ ಗುನುಗು ಅವತ್ತಿನ ದನಿ. ಅವತ್ತಿನ ಉಸಿರು ಎಷ್ಟು ಉದ್ದವೋ ಸಾಲೂ ಅಷ್ಟೇ ಉದ್ದ.

ಹಾಗಾಗಿ ಮನಸ್ಸಿನ ಸ್ಥಿತಿ ಹಾಡಿನ ಮೇಲೆ ಜಾಸ್ತಿ ಕಾಣುವುದು ಕಾಲದಲ್ಲಿ ಅಂದರೆ ವೇಗದಲ್ಲಿ, ಸ್ಥಾಯಿಯಲ್ಲಿ ಅಂದರೆ ದನಿಯ ಎತ್ತರದಲ್ಲಿ, ಉಸಿರಿನಲ್ಲಿ, ಮೌನದಲ್ಲಿ. ಪಾಠ ಹೇಳುವಾಗ ನಾನಿದನ್ನು ದಿನಾ ಕೇಳುತ್ತೇನೆ. ಮನೆಯಲ್ಲಿ ಜಗಳ ಆಡಿಕೊಂಡು ಬಂದ ಹುಡುಗಿ ಪಾಠದ ವರ್ಣವನ್ನು ಎರಡನೆಯ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ಓಡಿಸಿಬಿಡುತ್ತಾಳೆ. ಜ್ವರ ಬಿಟ್ಟು ಬಂದವಳ ಗಮಕ, ಸ್ವರವನ್ನು ತೂಗುವ ಆ ಬಳುಕು, ಅರ್ಧಕ್ಕೇ ನಿಂತುಬಿಡುತ್ತದೆ. ಯಾವ ಹುಡುಗಿಯೂ ಭಾವ ತೋರಿಸಲು ಹಾಗೆ ಹಾಡುವುದಿಲ್ಲ.

ರಾಗದ ವಿಷಯಕ್ಕೆ ಬಂದರೆ ನಂಟು ಇಷ್ಟು ನೇರವಾಗಿಲ್ಲ. ನಿಮ್ಮ ನಾಲ್ಕೂ ಹಾಡು ಗಿಟಾರಿನವರು ಮೈನರ್ ಅನ್ನುವ ಸ್ವರಗಳಲ್ಲಿವೆ. ನಮ್ಮ ಲೆಕ್ಕದಲ್ಲಿ ನಠಭೈರವಿ ರಾಗ. ದುಃಖಕ್ಕೆ ಮೈನರ್ ಅಂತ ಯಾರೋ ಹೇಳಿಕೊಟ್ಟ ಹಾಗೆ ಅಲ್ಲಿಗೇ ಹೋಗಿದ್ದೀರಿ. ನಮ್ಮಲ್ಲೂ ಈ ಅಭ್ಯಾಸ ಇದೆ. ಮುಖಾರಿ ರಾಗ ಅಂದರೆ ಅಳು ಅನ್ನುತ್ತಾರೆ. ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನದಲ್ಲಿ ಶೋಕದ ಪ್ರಸಂಗ ಬಂದರೆ ಮುಖಾರಿ ಕೇಳುವುದು ಮಾಮೂಲು. ಆದರೆ ತ್ಯಾಗರಾಜರು ಶಬರಿಯ ಭಾಗ್ಯವನ್ನು ಬಣ್ಣಿಸಿದ ಕೃತಿಯೂ ಮುಖಾರಿಯಲ್ಲೇ ಇದೆ. ಅದರಲ್ಲಿ ಅಳುವಿಲ್ಲ. ರಾಮನನ್ನು ಕಣ್ಣಾರೆ ಕಂಡ ಮುದುಕಿಯ ಅದೃಷ್ಟ ನೋಡಿ ಬೆರಗಾಗುವ ಹಾಡು ಅದು.

ಹಿಂದೂಸ್ತಾನಿಯಲ್ಲಿ ಮಾರ್ವಾ, ಪೂರಿಯಾ, ಸೋಹನಿ ಅಂತ ಮೂರು ರಾಗಗಳಿವೆ. ಮೂರರಲ್ಲೂ ಅವೇ ಆರು ಸ್ವರ. ಆದರೆ ಮಾರ್ವಾ ಕೇಳಿದರೆ ಎಲ್ಲೋ ನೆಲೆ ತಪ್ಪಿದ ಹಾಗೆ ತಳಮಳ. ಷಡ್ಜಕ್ಕೆ ಬರುವುದನ್ನೇ ಅದು ಮುಂದೂಡುತ್ತಾ ಹೋಗುತ್ತದೆ, ರಿಷಭ ಧೈವತಗಳಲ್ಲೇ ಸುತ್ತುತ್ತದೆ. ಪೂರಿಯಾ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಗಂಭೀರವಾಗಿ ಕೂರುತ್ತದೆ. ಸೋಹನಿ ಮೇಲಿನ ತಾರಸ್ಥಾಯಿಯಲ್ಲಿ ಚುರುಕಾಗಿ ಓಡಾಡುತ್ತದೆ. ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ, ಯಾವ ಸ್ಥಾಯಿಯಲ್ಲಿ ಓಡಾಡುತ್ತೀರಿ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. 1999ರಲ್ಲಿ ಲಾರಾ-ಲೀ ಬಾಲ್ಕ್‌ವಿಲ್ ಮತ್ತು ವಿಲಿಯಂ ಥಾಂಪ್ಸನ್ ಹಿಂದೂಸ್ತಾನಿ ರಾಗಗಳನ್ನು, ಈ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಕೇಳಿಸಿದರು. ಸಂತೋಷ, ದುಃಖ, ಸಿಟ್ಟು ಇವನ್ನು ಅವರು ಗುರುತಿಸಿದರು. ಶಾಂತ ಮಾತ್ರ ಅಷ್ಟು ಸಿಗಲಿಲ್ಲ. ರಾಗದ ಹೆಸರಾಗಲಿ ಲಕ್ಷಣವಾಗಲಿ ಅವರಿಗೆ ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ಕಾಲಪ್ರಮಾಣ ಮತ್ತು ಧಾಟಿಯ ಸರಳತೆ ಅಥವಾ ಸಂಕೀರ್ಣತೆ.

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ನಿಮ್ಮ ಹೊಸ ಎರಡು ಹಾಡುಗಳಲ್ಲಿ ನೀವು ಬದಲಾಯಿಸಿರುವುದು ಬರೀ ಸ್ವರಗಳನ್ನಲ್ಲ. ಮೇಜರ್‌ಗೆ ಬಂದಿದ್ದೀರಿ, ಅಂದರೆ ಖುಷಿಯದ್ದು ಅನ್ನಿಸುವ ಸ್ವರಗಳಿಗೆ, ಅದು ಸರಿ. ಅದರ ಜೊತೆ ಕಾಲವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿದ್ದೀರಿ. ಪ್ರತಿ ಎರಡು ಬಡಿತಕ್ಕೊಂದು ಕಾರ್ಡ್. ಸಾಲಿನ ಬೆನ್ನಿಗೇ ಸಾಲು. ಎಲ್ಲೂ ಬಿಡುವಿಲ್ಲ. ಸಪ್ಪೆ ಅಂತ ನೀವು ಬರೆದಿದ್ದೀರಿ. ನನಗೆ ಅವು ಸಪ್ಪೆ ಅನ್ನಿಸಲಿಲ್ಲ. ಗಡಿಬಿಡಿ ಅನ್ನಿಸಿತು. ‘ನಾನು ಆರಾಮಾಗಿದ್ದೇನೆ’ ಅಂತ ಎದುರಿನವರಿಗೆ ತೋರಿಸಲು ಬರೆದ ಹಾಗಿವೆ. ಖುಷಿಗೂ ಉಸಿರು ಬೇಕು. ಹಳೆಯ ಹಾಡುಗಳಲ್ಲಿ ಜನರನ್ನು ಹಿಡಿದು ಕೂರಿಸಿದ್ದು ಆ ಖಾಲಿ ಆವರ್ತ. ಅದರಲ್ಲಿ ಕೇಳುವವರು ತಮ್ಮದನ್ನು ನೆನೆದುಕೊಳ್ಳುತ್ತಿದ್ದರು. ಹೊಸ ಹಾಡುಗಳಲ್ಲಿ ಅವರಿಗೆ ಜಾಗವೇ ಇಲ್ಲ.

ಸಂಗೀತಗಾರರ ಜೀವನವನ್ನೂ ಅವರ ಕೃತಿಗಳನ್ನೂ ಜೋಡಿಸಿ ಹೇಳುವ ಕಥೆಗಳಿವೆಯಲ್ಲ, ಅವುಗಳ ಬಗ್ಗೆ ಎಚ್ಚರ ಇರಲಿ. ಮೊಜಾರ್ಟ್ 1778ರಲ್ಲಿ ಪ್ಯಾರಿಸ್‌ಗೆ ಹೋಗಿದ್ದಾಗ ಜೊತೆಗಿದ್ದ ತಾಯಿ ತೀರಿಕೊಂಡರು. ಆ ಬೇಸಿಗೆಯ ಒಂದು ಪಿಯಾನೋ ಸೊನಾಟಾ ಮೈನರ್‌ನಲ್ಲಿದೆ, ಕೇಳಿದರೆ ಎದೆ ಕಲಕುತ್ತದೆ. ತಕ್ಷಣ ಜನ ಎರಡನ್ನೂ ಗಂಟು ಹಾಕುತ್ತಾರೆ. ಆದರೆ ಹತ್ತು ವರ್ಷದ ಮೇಲೆ, 1788ರ ಬೇಸಿಗೆ ನೋಡಿ. ಸಾಲ ಕೇಳಿ ಗೆಳೆಯನಿಗೆ ಕಾಗದದ ಮೇಲೆ ಕಾಗದ ಬರೆಯುತ್ತಿದ್ದಾರೆ. ಜೂನ್ ಕೊನೆಯಲ್ಲಿ ಪುಟ್ಟ ಮಗಳು ಸಾಯುತ್ತಾಳೆ. ಅದೇ ಎರಡು ತಿಂಗಳಲ್ಲಿ ಮೂರು ಸಿಂಫನಿ ಮುಗಿಸುತ್ತಾರೆ. ಒಂದು ಮಾತ್ರ ಮೈನರ್‌ನಲ್ಲಿ, ಸಂಕಟದ್ದು. ಇನ್ನೆರಡು ಮೇಜರ್. ಕೊನೆಯದಂತೂ ಪೂರ್ತಿ ಬೆಳಕು. ಒಂದೇ ಮನೆ, ಒಂದೇ ಬೇಸಿಗೆ, ಒಂದೇ ಮನಸ್ಸು.

ಬೀಥೋವನ್ ಅವರದು ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ. 1802ರ ಅಕ್ಟೋಬರ್‌ನಲ್ಲಿ ವಿಯೆನ್ನಾ ಹತ್ತಿರದ ಹೈಲಿಗೆನ್‌ಷ್ಟಾಟ್ ಹಳ್ಳಿಯಲ್ಲಿ ಕೂತು ತಮ್ಮಂದಿರಿಗೆ ಒಂದು ಕಾಗದ ಬರೆದರು. ಕಿವಿ ಹೋಗುತ್ತಿದೆ, ಜೀವ ಕಳೆದುಕೊಳ್ಳುವ ಅಂಚಿಗೆ ಹೋಗಿದ್ದೆ, ಕಲೆಯೇ ತಡೆಯಿತು ಅನ್ನುವ ಕಾಗದ. ಅದನ್ನು ಕಳಿಸಲೇ ಇಲ್ಲ. ಸತ್ತ ಮೇಲೆ ಸಿಕ್ಕಿತು. ಆ ವರ್ಷ ಅವರ ಕೈಯಲ್ಲಿದ್ದ ಕೃತಿ ಎರಡನೆಯ ಸಿಂಫನಿ. ಅವರು ಬರೆದವುಗಳಲ್ಲೇ ತುಂಬ ಲವಲವಿಕೆಯದ್ದು ಅದು. ಕೊನೆಯ ಭಾಗ ಕೇಳಿದರೆ ನಗು ಬರುತ್ತದೆ. ಕಾಗದದ ವಿಷಯ ಗೊತ್ತಿಲ್ಲದವರು ಸಿಂಫನಿ ಕೇಳಿ ಅದನ್ನು ಊಹಿಸಲು ಸಾಧ್ಯವೇ ಇಲ್ಲ.

ನಮ್ಮ ಊರಿನಲ್ಲೂ ನೋಡಿ. ಗಾಂಧಿನಗರದ ಸಿನಿಮಾಗಳಿಗೆ ಸಂಗೀತ ಕೊಡುವವರು ಬೆಳಿಗ್ಗೆ ಸಾವಿನ ಸಿಚುಯೇಶನ್‌ಗೆ, ಮಧ್ಯಾಹ್ನ ಹುಡುಗ ಹುಡುಗಿ ಮೊದಲ ಸಲ ಭೇಟಿಯಾಗುವುದಕ್ಕೆ ಮಟ್ಟು ಹಾಕಬೇಕು. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ಶೋಕದ ರಾಗ ಶುಭಪಂತುವರಾಳಿ ಹಾಡಿ ಸಭೆಯನ್ನೇ ಮೌನ ಮಾಡಿದವರು ಅರ್ಧ ಗಂಟೆಯ ಮೇಲೆ ಕುಣಿಯುವ ದೇವರನಾಮ ಹಾಡುತ್ತಾರೆ. ಎರಡೂ ನಿಜವೇ. ಹಾಡುವವರಿಗೆ ಭಾವ ಗೊತ್ತು, ಅದರ ದಾರಿ ಗೊತ್ತು, ಅಲ್ಲಿಗೆ ಹೋಗಿ ಬರಲೂ ಗೊತ್ತು.

ಹಾಗಿದ್ದರೆ ದುಃಖಕ್ಕೂ ಸೃಷ್ಟಿಗೂ ಸಂಬಂಧವೇ ಇಲ್ಲವೇ? ಇದೆ. ನಿಮ್ಮ ಅನುಭವ ಸುಳ್ಳಲ್ಲ. ಕರೋಲ್ ಬೊರೊವೀಟ್ಸ್ಕಿ ಎಂಬ ಅರ್ಥಶಾಸ್ತ್ರಜ್ಞರು ಮೊಜಾರ್ಟ್, ಬೀಥೋವನ್, ಲಿಸ್ಟ್ ಮೂವರ ಸುಮಾರು 1,400 ಕಾಗದಗಳನ್ನು ಕಂಪ್ಯೂಟರಿಗೆ ಕೊಟ್ಟು, ಯಾವ ವರ್ಷ ದುಃಖದ ಮಾತು ಜಾಸ್ತಿ, ಯಾವ ವರ್ಷ ಖುಷಿಯ ಮಾತು ಜಾಸ್ತಿ ಅಂತ ಎಣಿಸಿದರು. ಬೇಸರದ ಕಾಲದ ಬೆನ್ನಿಗೆ ಒಳ್ಳೆಯ ಕೃತಿಗಳು ಹೆಚ್ಚಿದ್ದು ಕಂಡಿತು. ಅದರಲ್ಲೂ ದುಃಖದ ಪಾತ್ರ ಎದ್ದು ಕಂಡಿತು. ಇದು 2017ರಲ್ಲಿ ಪ್ರಕಟವಾಯಿತು. ಆದರೆ ಒಂದು ಮಾತು. ಕಾಗದ ಬರೆಯುವಷ್ಟು ಚೇತರಿಕೆ ಇದ್ದವರ ದುಃಖ ಅದು. ಹಾಸಿಗೆ ಬಿಟ್ಟು ಏಳಲಾಗದ ದಿನದ ದುಃಖದಲ್ಲಿ ಕಾಗದವೂ ಇಲ್ಲ, ಸಂಗೀತವೂ ಇಲ್ಲ.

ಜರ್ಮನಿಯ ಸಂಗೀತಗಾರ ಶೂಮನ್ ಅವರ ಬದುಕಿನಲ್ಲಿ ಇದು ಕಣ್ಣಿಗೆ ಕಾಣುವಂತಿದೆ. 1840ರಲ್ಲಿ, ಕ್ಲಾರಾ ಅವರ ತಂದೆಯ ಜೊತೆ ಕೋರ್ಟಿನಲ್ಲಿ ಹೋರಾಡಿ ಮದುವೆಯಾದ ವರ್ಷ, 130ಕ್ಕೂ ಹೆಚ್ಚು ಹಾಡು ಬರೆದರು. 1844ರಲ್ಲಿ ಮನಸ್ಸು ಕುಸಿದಾಗ ಏನೂ ಇಲ್ಲ ಅನ್ನುವಷ್ಟು ಕಡಿಮೆ. ರಾಬರ್ಟ್ ವೈಸ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಈ ಏರಿಳಿತವನ್ನು ಪರೀಕ್ಷಿಸಿದರು. ಉತ್ಸಾಹದ ವರ್ಷಗಳಲ್ಲಿ ಕೃತಿಗಳ ಸಂಖ್ಯೆ ಏರಿತ್ತು. ಗುಣಮಟ್ಟ ಏರಿರಲಿಲ್ಲ. ಒಂದು ಕೃತಿಯನ್ನು ಎಷ್ಟು ಜನ ರೆಕಾರ್ಡ್ ಮಾಡಿದ್ದಾರೆ ಅನ್ನುವುದನ್ನು ಅವರು ಗುಣದ ಅಳತೆ ಮಾಡಿಕೊಂಡಿದ್ದರು. ಅಂದರೆ ಮನಸ್ಸಿನ ಸ್ಥಿತಿಯಿಂದ ಎಷ್ಟು ಬರೆಯುತ್ತೀರಿ ಅನ್ನುವುದು ಬದಲಾಗುತ್ತದೆ. ಬರೆದದ್ದು ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ ಬೇರೆಯೇ ಕಾರಣಗಳಿವೆ.

ನಿಮಗೆ ಅತಿ ಮುಖ್ಯ ಅಂತ ನನಗೆ ಅನ್ನಿಸುವ ಅಧ್ಯಯನ 2005ರದ್ದು. ಪಾಲ್ ವೆರ್ಹೇಗನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಲ್ಲಿ ಖಿನ್ನತೆಗೂ ಸೃಜನಶೀಲತೆಗೂ ಇರುವ ಸಂಬಂಧ ಹುಡುಕಿದರು. ನೇರ ಸಂಬಂಧ ಸಿಗಲಿಲ್ಲ. ನಡುವೆ ಇನ್ನೊಂದಿತ್ತು. ತನ್ನ ಬಗ್ಗೆ ತಾನೇ ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವ. ಅದು ಜಾಸ್ತಿ ಇದ್ದವರಲ್ಲಿ ಖಿನ್ನತೆಯೂ ಜಾಸ್ತಿ, ಸೃಷ್ಟಿಯ ಕಡೆ ಒಲವೂ ಜಾಸ್ತಿ. ಇದನ್ನು ನಿಮ್ಮ ಮೇಲೆ ಇಟ್ಟು ನೋಡಿ. ಆ ದಿನಗಳಲ್ಲಿ ನೀವು ರಜೆಯಲ್ಲಿದ್ದಿರಬೇಕು. ರಾತ್ರಿ ನಿದ್ದೆ ಇರಲಿಲ್ಲ. ಯಾರಿಗೂ ಕೇಳಿಸಬೇಕು ಅಂತ ಇರಲಿಲ್ಲ. ಮನಸ್ಸು ಒಂದೇ ವಿಷಯದ ಸುತ್ತ ಗಂಟೆಗಟ್ಟಲೆ ಸುತ್ತುತ್ತಿತ್ತು. ಅಪ್ಪನ ಸ್ಕೂಟರ್, ಅಪ್ಪನ ಕೆಮ್ಮು, ಗೇಟಿನ ಸದ್ದು. ಒಂದೇ ಸಾಲನ್ನು ನೂರು ಸಲ ಗುನುಗಿದರೆ ಬೇಡದ್ದೆಲ್ಲ ತಾನಾಗಿ ಉದುರಿಹೋಗುತ್ತದೆ. ಆ ನಾಲ್ಕು ಹಾಡುಗಳಲ್ಲಿ ಒಂದೂ ದಂಡದ ಮಾತಿಲ್ಲ. ಅದಕ್ಕೆ ಕಾರಣ ನೋವು ಒಂದೇ ಅಲ್ಲ. ನೀವು ಕೊಟ್ಟ ಹೊತ್ತು, ಹಾಕಿದ ಮೆಲುಕು.

ಈಗ? ಬೆಳಿಗ್ಗೆ ಆಫೀಸು, ಸಂಜೆ ಟ್ರಾಫಿಕ್ಕು, ವಾರಕ್ಕೆ ಒಂದೋ ಎರಡೋ ರಾತ್ರಿ ಗಿಟಾರ್. ಎತ್ತಿಕೊಂಡ ಕೂಡಲೇ ‘ಇದು ಆ ಹಾಡುಗಳಷ್ಟು ಚೆನ್ನಾಗಿದೆಯಾ’ ಅನ್ನುವ ಪ್ರಶ್ನೆ. ಯಾರ ಹಾಡು ತಾನೇ ಇದನ್ನು ತಡೆದುಕೊಂಡೀತು?

ಸಾವಿರ ವರ್ಷದ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತರು ಇದನ್ನು ಸೂಕ್ಷ್ಮವಾಗಿ ನೋಡಿದ್ದರು. ವಾಲ್ಮೀಕಿಯ ಕಥೆ ನಿಮಗೆ ಗೊತ್ತು. ಬೇಡ ಕ್ರೌಂಚ ಹಕ್ಕಿಯನ್ನು ಕೊಂದ, ಜೋಡಿ ಹಕ್ಕಿ ಗೋಳಾಡಿತು, ಋಷಿಯ ಬಾಯಲ್ಲಿ ಶೋಕವೇ ಶ್ಲೋಕವಾಯಿತು. ನಾವೆಲ್ಲ ಅದನ್ನು ಋಷಿಗೆ ದುಃಖವಾಯಿತು, ಪದ್ಯ ಬಂತು ಅಂತ ಓದುತ್ತೇವೆ. ಅಭಿನವಗುಪ್ತರು ಹಾಗಲ್ಲ ಅನ್ನುತ್ತಾರೆ. ಅದು ಮುನಿಯ ಸ್ವಂತ ದುಃಖ ಅಂತ ತಿಳಿಯಬೇಡಿ, ಹಾಗಿದ್ದಿದ್ದರೆ ಅವನು ದುಃಖದಲ್ಲೇ ಮುಳುಗಿರುತ್ತಿದ್ದ, ಕಾವ್ಯ ಹುಟ್ಟುತ್ತಿರಲಿಲ್ಲ. ಹಕ್ಕಿಯ ನೋವಿಗೆ ಅವನ ಮನಸ್ಸು ಕರಗಿತು, ಕರಗಿ ತುಂಬಿತು, ತುಂಬಿದ್ದು ಛಂದಸ್ಸಿನ ಅಳತೆಯಲ್ಲಿ ಹೊರಗೆ ಬಂತು ಅನ್ನುವುದು ಅವರ ವಿವರಣೆ.

ಹಾಡುವವರಿಗೆ ಇದು ಬರೀ ತತ್ವದ ಮಾತಲ್ಲ, ಗಂಟಲಿನ ಮಾತು. ನಿಜವಾಗಿ ಅಳು ಬಂದಾಗ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದಲ್ಲ, ಅದು ಆ ಬಿಗಿತವೇ. ಆಗ ಶ್ರುತಿ ನಿಲ್ಲುವುದಿಲ್ಲ. ಅಳುತ್ತಾ ಹಾಡಲು ಆಗುವುದೇ ಇಲ್ಲ.

ಬೇಂದ್ರೆಯವರ ‘ನೀ ಹಿಂಗ ನೋಡಬ್ಯಾಡ ನನ್ನ’ ನೆನೆಯಿರಿ. ಮಗು ತೀರಿಕೊಂಡಾಗ ಹುಟ್ಟಿದ ಕವಿತೆ ಅದು. ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡನ ಮಾತು. ಗೊತ್ತಿಲ್ಲದವರು ಪ್ರೇಮಗೀತೆ ಅಂದುಕೊಂಡು ಹಾಡುವುದೂ ಉಂಟು. ಅಷ್ಟು ದೊಡ್ಡ ನೋವಿನಲ್ಲೂ ಲಯ ಒಂದು ಮಾತ್ರೆಯೂ ತಪ್ಪಿಲ್ಲ, ಪ್ರಾಸ ಜಾರಿಲ್ಲ. ನೋವು ಅವರದ್ದು. ಅದನ್ನು ಹಿಡಿದ ಕೈ ವರ್ಷಗಟ್ಟಲೆ ಪಳಗಿದ್ದು. ನಿಮ್ಮ ಕೈಯೂ ಪಳಗಿದೆ. ಆ ನಾಲ್ಕು ಹಾಡು ಬರೆದಾಗ ನಿಮಗೆ ಕಾಲಪ್ರಮಾಣ ಹಿಡಿಯಲು ಬರುತ್ತಿತ್ತು, ಪದ ಕೂರಿಸಲು ಬರುತ್ತಿತ್ತು. ಬರದಿದ್ದರೆ ದುಃಖ ಎಷ್ಟಿದ್ದರೂ ಹಾಡಾಗುತ್ತಿರಲಿಲ್ಲ. ಅದೆಲ್ಲ ಇನ್ನೂ ನಿಮ್ಮ ಹತ್ತಿರವೇ ಇದೆ.

ಇನ್ನು ಕೆಲಸದ ಮಾತು. ಮೊದಲು ಕೆಲವು ವಾರ ಗಿಟಾರನ್ನು ಪಕ್ಕಕ್ಕಿಡಿ. ಕೈ ರೂಢಿಯಾದ ಕಾರ್ಡ್‌ಗಳಿಗೇ ಹೋಗುತ್ತದೆ, ಮನಸ್ಸು ಅದರ ಹಿಂದೆ ಹೋಗುತ್ತದೆ. ಫೋನಿನಲ್ಲಿ ತಂಬೂರಿ ಆಪ್ ಹಾಕಿಕೊಂಡು ಬರೀ ದನಿಯಲ್ಲಿ ಗುನುಗಿ. ಶ್ರುತಿಯನ್ನು ಅರ್ಧ ಮನೆ ಏರಿಸಿಕೊಳ್ಳಿ, ಮಂದ್ರ ಸುಲಭವಾಗಿ ಸಿಗಲಿ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚಿನ ಹೊತ್ತು ಇದಕ್ಕೆ ಒಳ್ಳೆಯದು. ದಿನಾ ಅದೇ ಹೊತ್ತು, ಸ್ವಲ್ಪವೇ ಆದರೂ ಸರಿ. ಬಂದದ್ದನ್ನು ರೆಕಾರ್ಡ್ ಮಾಡಿ. ಅವತ್ತೇ ಕೇಳಬೇಡಿ. ಒಂದು ವಾರ ಬಿಟ್ಟು ಕೇಳಿ. ಹಾಡಿದವರೇ ಅವತ್ತೇ ತೀರ್ಪು ಕೊಡಲು ಕೂತರೆ ಯಾವ ಸಾಲೂ ಉಳಿಯುವುದಿಲ್ಲ.

ನಿಮ್ಮ ಫೋನಿನಲ್ಲಿ ಆ ದಿನಗಳ ವಾಯ್ಸ್ ನೋಟ್‌ಗಳು ಇನ್ನೂ ಇರುತ್ತವೆ ಅಂತ ನನ್ನ ಊಹೆ. ಹಾಡಾಗದೆ ಉಳಿದ ತುಣುಕುಗಳು. ಅವನ್ನು ತೆಗೆಯಿರಿ, ಆದರೆ ಒಬ್ಬರೇ ಇರುವ ರಾತ್ರಿಯಲ್ಲಿ ಬೇಡ. ಹಗಲಲ್ಲಿ, ಮನೆಯಲ್ಲಿ ಯಾರಾದರೂ ಇದ್ದಾಗ ಕೇಳಿ. ಈಗಿನ ಕಿವಿಯಿಂದ ಕೇಳಿದರೆ ಆಗ ಕಾಣದ ದಾರಿ ಕಾಣುತ್ತದೆ. ಆಗ ಅರ್ಧಕ್ಕೆ ಬಿಟ್ಟ ಪಲ್ಲವಿಗೆ ಈಗ ಚರಣ ಬರೆಯಲು ಆಗಬಹುದು. ಎದೆ ಭಾರವಾಗತೊಡಗಿದರೆ ನಿಲ್ಲಿಸಿ, ನಿಮ್ಮ ಕೌನ್ಸೆಲರ್‌ಗೆ ಹೇಳಿ.

ಹೊಸ ಎರಡು ಹಾಡುಗಳನ್ನು ಬಿಸಾಡಬೇಡಿ. ಎರಡನೆಯದರ ಪಲ್ಲವಿ ನಿಜಕ್ಕೂ ಚೆನ್ನಾಗಿದೆ. ಅದನ್ನು ಅರ್ಧ ಕಾಲಕ್ಕೆ ಇಳಿಸಿ. ಪ್ರತಿ ಸಾಲಿನ ಮೇಲೆ ಒಂದು ಆವರ್ತ ಖಾಲಿ ಬಿಡಿ. ಕಾರ್ಡ್ ಒಂದೇ ಹಿಡಿಯಿರಿ. ಸ್ವರ ಬದಲಿಸಬೇಡಿ, ಮೇಜರ್‌ನಲ್ಲೇ ಇರಲಿ. ಅದು ನಮ್ಮ ಶಂಕರಾಭರಣದ ಸ್ವರಗಳು, ಅದರಲ್ಲಿ ಎಷ್ಟು ಆಳಕ್ಕೆ ಬೇಕಾದರೂ ಇಳಿಯಬಹುದು. ಇನ್ನೊಂದು ದಿನ ಹಳೆಯ ಹಾಡಿನ ಒಂದು ಸಾಲನ್ನು ತೆಗೆದು ಮೋಹನ ರಾಗದಲ್ಲಿ ಹಾಡಿ ನೋಡಿ. ಅಪ್ಪನ ಸ್ಕೂಟರ್ ಸಾಲು ಮೋಹನದಲ್ಲಿ ಬೇರೆಯೇ ಆಗುತ್ತದೆ. ನಾನು ಹಾಡಿ ನೋಡಿದೆ. ಅವರು ಇಲ್ಲ ಅನ್ನುವ ಮಾತಿನ ಜಾಗದಲ್ಲಿ ಅವರ ಹಿಂದೆ ಕೂತು ಹೋದ ಬೆಳಗಿನ ಮಾತು ಕೇಳಿಸಿತು.

ಅಪ್ಪನ ತಿಥಿ ಬರುತ್ತದೆ. ಅವತ್ತು ಮನಸ್ಸು ತಾನಾಗಿ ಅಲ್ಲಿಗೆ ಹೋಗುತ್ತದೆ. ಅವತ್ತು ಹಾಡು ಬರೆಯಬೇಕು ಅಂತ ಕೂರಬೇಡಿ. ಮನೆಯವರ ಜೊತೆ ಇರಿ. ಏನಾದರೂ ಗುನುಗಿದರೆ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ, ಸಾಕು. ಕೆಲಸ ಆಮೇಲೆ.

ಕೊನೆಗೆ ಒಂದು ಆಸೆ. ಡಿಪ್ರೆಶನ್‌ನಿಂದ ಹೊರಗೆ ಬರುವಾಗ ಏನಾಗುತ್ತದೆ ಅನ್ನುವುದರ ಬಗ್ಗೆ ನಮ್ಮಲ್ಲಿ ಹಾಡುಗಳು ಬಹಳ ಕಡಿಮೆ. ನೋವಿನ ಹಾಡು ಬೇಕಾದಷ್ಟಿವೆ, ಸಂಭ್ರಮದ ಹಾಡೂ ಇವೆ. ಈ ನಡುವಿನದ್ದು ಸಿಗುವುದೇ ಅಪರೂಪ. ಎಷ್ಟೋ ತಿಂಗಳ ಮೇಲೆ ಪೂರ್ತಿ ನಿದ್ದೆ ಬಂದ ರಾತ್ರಿ. ಸಾರಿನ ರುಚಿ ಮತ್ತೆ ಗೊತ್ತಾದ ದಿನ. ನಕ್ಕುಬಿಟ್ಟೆನಲ್ಲ, ಅಪ್ಪ ಹೋಗಿ ಇಷ್ಟೇ ದಿನವಾಗಿದೆ ಅಂತ ತಪ್ಪು ಮಾಡಿದ ಹಾಗೆ ಅನ್ನಿಸಿದ ಗಳಿಗೆ. ಇದೆಲ್ಲ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಮೊದಲ ಹಾಡು ಶುರುವಾಗುವ ಆ ಕೆಳಗಿನ ಪಂಚಮದಿಂದಲೇ ಇದನ್ನೂ ಶುರು ಮಾಡಿ. ಕಾಲ ಅದೇ ಇರಲಿ. ಎರಡನೆಯ ಚರಣದವರೆಗೆ ಮೇಲಿನ ಷಡ್ಜ ಮುಟ್ಟಬೇಡಿ. ಅಲ್ಲಿ ಮುಟ್ಟಿದ ಮೇಲೆ ಕೂಡಲೇ ಇಳಿಯದೆ ಉಸಿರು ಇರುವಷ್ಟು ಹೊತ್ತು ನಿಲ್ಲಿ. ಬರೆದಾದ ಮೇಲೆ ಕಳಿಸಿ, ಕೇಳುತ್ತೇನೆ.